ಎಪ್ಪತ್ತೊಂದು ಪರ್ಸೆಂಟ್

ಬಾಗಿಲಲ್ಲಿ ನಿಂತವನನ್ನು ಕಂಡಾಗ ಸಂಘಮಿತ್ರಾಳಿಗೆ ಮೊದಲು ಅನ್ನಿಸಿದ್ದು ಇಷ್ಟೇ: ಗೋಕಾಕದಿಂದ ಬೇರೆ ಯಾರನ್ನಾದರೂ ಕಳಿಸಬಹುದಿತ್ತು.

ಸೋಮಶೇಖರ ಒಳಗೆ ಬರಲಿಲ್ಲ. ಬೂಟು ಬಿಚ್ಚಿ ಬದಿಗಿಟ್ಟು, ಬ್ಯಾಗನ್ನು ಎದೆಗೆ ಅವುಚಿಕೊಂಡು, ಅವಳು ಕರೆಯಲಿ ಎಂದು ಹೊಸ್ತಿಲಲ್ಲೇ ನಿಂತಿದ್ದ. ಎರಡು ವರ್ಷದಲ್ಲಿ ತುಸು ಇಳಿದಿದ್ದ. ಕನ್ನಡಕ ಬಂದಿತ್ತು. ಅದರ ಹಿಂದಿನ ಕಣ್ಣುಗಳು ಮಾತ್ರ ಹಳೆಯವೇ, ತುಟಿಗಿಂತ ಮೊದಲು ನಗುವ ಕಣ್ಣುಗಳು. ಆ ಬೆಳಿಗ್ಗೆ ಅವು ನಗಲಿಲ್ಲ.

“ಬರ್ರಿ,” ಎಂದಳು ಅವಳು. “ನಲವತ್ತು ಮಷೀನ್ ಅದಾವು. ನಲವತ್ತೂ ಹಂಗ ಕುಂತಾವು.”

ಹುಕ್ಕೇರಿಯ ಆ ಲ್ಯಾಬು ಒಂದು ಶಿಕ್ಷಣ ಸಂಸ್ಥೆಗೆ ಸೇರಿದ್ದು. ಸಂಸ್ಥೆಗೆ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಕಂಪ್ಯೂಟರ್ ಲ್ಯಾಬುಗಳಿದ್ದವು. ಉಳಿದ ದಿನ ಪಾಠ, ಆಗೀಗ ನೌಕರಿಯ ಆನ್‌ಲೈನ್ ಪರೀಕ್ಷೆ. ಬರುವ ಸೋಮವಾರ ನರ್ಸ್ ನೇಮಕಾತಿಯ ಪರೀಕ್ಷೆಯಿತ್ತು. ಪರೀಕ್ಷೆ ನಡೆಸುವ ಏಜೆನ್ಸಿ ಕಡ್ಡಾಯವಾಗಿ ಹೇಳಿತ್ತು: ಎಲ್ಲ ಕಂಪ್ಯೂಟರಿನಲ್ಲೂ ಹೊಸ ವಿಂಡೋಸ್ ಇರಬೇಕು, ಶನಿವಾರ ಸಂಜೆ ನಾಲ್ಕಕ್ಕೆ ಆನ್‌ಲೈನಿನಲ್ಲೇ ತಪಾಸಣೆ. ಒಂದು ಕಂಪ್ಯೂಟರ್ ಹಿಂದೆ ಬಿದ್ದರೂ ಕೇಂದ್ರ ರದ್ದು. ಬರೆಯುವವರು ಹುಬ್ಬಳ್ಳಿಗೆ ಹೋಗಿ ಬೆಳಿಗ್ಗೆ ಏಳಕ್ಕೆ ಹಾಜರಾಗಬೇಕು.

ಅವತ್ತು ಶುಕ್ರವಾರ. ಗೋಕಾಕ, ಮೂಡಲಗಿಯ ಕಂಪ್ಯೂಟರುಗಳು ಬುಧವಾರವೇ ಹೊಸದಕ್ಕೆ ಏರಿದ್ದವು. ಹುಕ್ಕೇರಿಯವು ಏರಲಿಲ್ಲ. ಪರದೆಯ ಮೇಲೆ ಅಂಕಿ ಒಂದೊಂದೇ ಹತ್ತಿ ಎಪ್ಪತ್ತೊಂದು ಪರ್ಸೆಂಟಿಗೆ ಬರುವುದು, ಅಲ್ಲಿ ಉಸಿರು ಕಟ್ಟಿದಂತೆ ನಿಲ್ಲುವುದು, ಆಮೇಲೆ ಮಾಡಿದ್ದನ್ನೆಲ್ಲ ವಾಪಸು ತೆಗೆಯುತ್ತಿದ್ದೇನೆ ಎಂದು ಬರೆದುಕೊಂಡು ಹಳೆಯದಕ್ಕೇ ಮರಳುವುದು. ಎರಡು ದಿನದಿಂದ ಸಂಘಮಿತ್ರಾ ಇದನ್ನೇ ನೋಡುತ್ತಿದ್ದಳು.

ಸಂಸ್ಥೆಯ ಆಡಳಿತಾಧಿಕಾರಿ ಗುರುರಾಜ ಬೆಳಿಗ್ಗೆ ಎಂಟಕ್ಕೇ ಗೋಕಾಕದಿಂದ ಫೋನ್ ಮಾಡಿದ್ದರು. ಮೂಡಲಗಿಯಲ್ಲಿ ಆದದ್ದು ನಿಮ್ಮಲ್ಲಿ ಯಾಕಾಗುವುದಿಲ್ಲ, ನಿಮ್ಮ ಕೈ ತಾಗಿದ ಕಡೆ ಮಾತ್ರ ಏನಾದರೊಂದು ಆಗುತ್ತದಲ್ಲ ಎಂದು ಕೇಳಿದ್ದರು. ಆ ‘ನಿಮ್ಮ’ ಎಂಬುದರಲ್ಲಿ ಅವಳೊಬ್ಬಳೇ ಇರಲಿಲ್ಲ. ಮಸಗುಪ್ಪಿಯಲ್ಲಿ ಅವಳು ಹುಟ್ಟಿದ ಓಣಿ, ಆ ಓಣಿಯ ಮಂದಿ ಎಲ್ಲರೂ ಇದ್ದರು. ಅದು ಅವಳಿಗೆ ಗೊತ್ತಿತ್ತು, ಗುರುರಾಜರಿಗೂ ಗೊತ್ತಿತ್ತು.

ಅವಳಿಗೆ ಹುಬ್ಬಳ್ಳಿಯ ಚಿಂತೆಯೂ ಇತ್ತು. ಹಿಂದಿನ ದಿನ ದಡ್ಡಿ ಎಂಬ ಊರಿನಿಂದ ನೇತ್ರಾ ಎಂಬುವಳು ಐದು ತಿಂಗಳ ಕೂಸನ್ನು ಹೊತ್ತು ಪರೀಕ್ಷಾ ಕೇಂದ್ರ ನೋಡಲು ಬಂದಿದ್ದಳು. ನಡುವೆ ಕೂಸಿಗೆ ಹಾಲು ಕುಡಿಸಲು ಎಲ್ಲಿ ಕೂಡಲಿ ಎಂದು ಕೇಳಿದ್ದಳು. ಬಾಜೂ ಕೋಣೆ ತೋರಿಸಿ, ಆರಾಮ ಬನ್ನಿ ಎಂದು ಸಂಘಮಿತ್ರಾ ಮಾತು ಕೊಟ್ಟಿದ್ದಳು.

ಸೋಮಶೇಖರ ಮೊದಲ ಕಂಪ್ಯೂಟರಿನ ಮುಂದೆ ಕುಳಿತ. ಬಟನ್ ಒತ್ತುತ್ತ, ಏಳವ್ವಾ ತಾಯಿ, ಎಂದು ಮೆಲ್ಲಗೆ ಅದರ ಜೊತೆ ಮಾತಾಡಿದ. ಗೋಕಾಕದಲ್ಲಿ ಇದನ್ನು ಕೇಳಿ ಅವಳು ಎಷ್ಟು ಸಲ ನಕ್ಕಿದ್ದಳೋ. ಈಗ ಕಿಟಕಿಯ ಕಡೆ ಮುಖ ಮಾಡಿದಳು.

ಡಿಸ್ಕಿನಲ್ಲಿ ಜಾಗ ಇದೆಯೇ ಎಂದು ಅವನು ಕೇಳಿದ. ನೋಡೇನಿ, ಎಂದಳು. ಆ್ಯಂಟಿವೈರಸ್ ತೆಗೆದು ನೋಡಿದ್ದಳು. ಪರದೆಯ ಡ್ರೈವರ್ ಬದಲಿಸಿ ನೋಡಿದ್ದಳು. ಸೆಕ್ಯುರಿಟಿ ಚಿಪ್ಪನ್ನೂ ಆನ್ ಮಾಡಿ ನೋಡಿದ್ದಳು.

“ಅದನ್ನೂ ಮಾಡೀರಿ?”

“ಮಾಡೇನಿ.”

“ಹಂಗಾರ ನನ್ನ ಯಾಕ ಕರಸಿದ್ರಿ?”

“ನಾ ಕರಸಿಲ್ಲ.”

ಅವನು ಅವಳ ಕಡೆ ನೋಡಿದ. ಒಂದು ಕ್ಷಣ, ಒಂದೇ ಕ್ಷಣ, ಕನ್ನಡಕದ ಹಿಂದೆ ಹಳೆಯದೇನೋ ಮಿನುಗಿತು. ಅವಳು ಕಣ್ಣು ತಗ್ಗಿಸಿದಳು. ಹಾಗೆ ತಗ್ಗಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಗೋಕಾಕದ ಲ್ಯಾಬಿನಲ್ಲಿ ಅವರಿಬ್ಬರೂ ಮೂರು ವರ್ಷ ಜೊತೆಗಿದ್ದರು. ಸಂಜೆ ಐದೂವರೆಗೆ ಅವಳು ಊರಿನ ಬಸ್ಸು ಹಿಡಿಯಬೇಕಿತ್ತು. ಬಸ್ಸು ಸ್ಟ್ಯಾಂಡಿಗೆ ಬರುತ್ತಿದ್ದಂತೆ ಅವನು ಓಡಿಹೋಗಿ, ಕಿಟಕಿಯೊಳಗೆ ಕರ್ಚೀಫು ಎಸೆದು ಅವಳಿಗೊಂದು ಸೀಟು ಹಿಡಿಯುತ್ತಿದ್ದ. ಆ ಕರ್ಚೀಫನ್ನು ಒಗೆದು, ಮಡಚಿ, ಮರುದಿನ ವಾಪಸು ಕೊಡುವುದು ಅವಳ ಪಾಲಿನ ಕೆಲಸ. ಪ್ರೀತಿ ಎಂಬ ಮಾತನ್ನು ಇಬ್ಬರೂ ಆಡಿರಲಿಲ್ಲ. ಅವನದು ಗೋಕಾಕದ ಪೇಟೆಯ ಲಿಂಗಾಯತ ವ್ಯಾಪಾರಸ್ಥರ ಮನೆ. ಅವಳದು ಬುದ್ಧನಿಗೆ ಕೈ ಮುಗಿಯುವ ಮನೆ, ತಾಯಿ ಕೆಂಪವ್ವ ಇವತ್ತಿಗೂ ಕಬ್ಬಿನ ಹೊಲಕ್ಕೆ ಕೂಲಿ ಹೋಗುವವಳು. ಆಡದ ಮಾತನ್ನು ಇಬ್ಬರೂ ಜೋಪಾನವಾಗಿ ಇಟ್ಟುಕೊಂಡಿದ್ದರು.

ಆಮೇಲೆ ಒಂದು ಪರೀಕ್ಷೆ ಮುಗಿದ ಮೇಲೆ, ಹದಿನೇಳನೆಯ ಕಂಪ್ಯೂಟರಿಗೆ ಯಾರೋ ಪೆನ್‌ಡ್ರೈವ್ ಹಾಕಿದ್ದರೆಂದು ಏಜೆನ್ಸಿಗೆ ಸಂಶಯ ಬಂತು. ಯಾರು, ಎಷ್ಟು ಗಂಟೆಗೆ ಎಂದು ನೋಡಹೋದರೆ, ಕಂಪ್ಯೂಟರು ತಾನಾಗಿ ಬರೆದಿಡುವ ದಾಖಲೆ, ಲಾಗ್, ಪೂರ್ತಿ ಅಳಿಸಿತ್ತು. ‘ಅಡ್ಮಿನ್’ ಅಳಿಸಿದ್ದಾನೆ ಎಂಬ ಒಂದೇ ಸಾಲು ಉಳಿದಿತ್ತು. ಅಡ್ಮಿನ್ ಪಾಸ್‌ವರ್ಡ್ ಇದ್ದದ್ದು ಮೂವರ ಹತ್ತಿರ: ಗುರುರಾಜ, ಸೋಮಶೇಖರ, ಸಂಘಮಿತ್ರಾ. ಆ ದಿನ ಡ್ಯೂಟಿಯಲ್ಲಿದ್ದವಳು ಅವಳು. ಯಾರೂ ಕಳ್ಳಿ ಎನ್ನಲಿಲ್ಲ. ಹುಕ್ಕೇರಿಗೆ ಬದಲಿ ಮಾಡಿದರು, ಅಷ್ಟೇ. ಉಳಿದದ್ದನ್ನು ಊರು ತಾನೇ ಹೇಳಿಕೊಂಡಿತು.

ಅವತ್ತಿನಿಂದ ಸೋಮಶೇಖರ ಒಂದು ಫೋನ್ ಮಾಡಲಿಲ್ಲ. ಇವನೂ ನಂಬಿದ ಎಂದು ಅವಳು ತಿಳಿದುಕೊಂಡಳು. ಹುಕ್ಕೇರಿಯಲ್ಲಿ ಒಂದು ಬಾಡಿಗೆ ಖೋಲಿ ಹಿಡಿದು, ಅವನ ಕೊನೆಯ ಕರ್ಚೀಫನ್ನು ಟ್ರಂಕಿನ ತಳಕ್ಕೆ ಹಾಕಿ, ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದಳು.

ಮಧ್ಯಾಹ್ನ ಎರಡರ ಸುಮಾರಿಗೆ ಇಬ್ಬರೂ ಒಂದೇ ಪರದೆಯ ಮುಂದೆ ಕುಳಿತಿದ್ದರು. ಅಪ್‌ಗ್ರೇಡು ಯಾಕೆ ಕೆಟ್ಟಿತೆಂದು ಅದು ತಾನೇ ಬರೆದಿಡುವ ಫೈಲನ್ನು ಅವನು ಹುಡುಕಿ ತೆಗೆದಿದ್ದ. ಸಾವಿರಾರು ಸಾಲು. ಅವನು ಮೇಲಿನಿಂದ, ಅವಳು ಕೆಳಗಿನಿಂದ ಓದುತ್ತ ಬಂದರು. ಕುರ್ಚಿಗಳ ನಡುವೆ ಒಂದು ಗೇಣು ಅಂತರವಿತ್ತು. ಆ ಅಂತರವನ್ನು ಇಬ್ಬರೂ ಎಷ್ಟು ಹುಷಾರಾಗಿ ಕಾಯ್ದರೆಂದರೆ, ಅವನು ಮೌಸಿಗೆ ಕೈ ಚಾಚಿದಾಗಲೆಲ್ಲ ಅವಳು ಉಸಿರು ಹಿಡಿಯುತ್ತಿದ್ದಳು.

“ಇಲ್ಲೆ,” ಎಂದ ಅವನು, ಬೆರಳು ಪರದೆಗೆ ತಾಗುವಷ್ಟು ಹತ್ತಿರ ಒಯ್ದು.

ಈ ಕೆಲಸಕ್ಕೆ ಬೇಕಾದ ಹಕ್ಕು ಕೇಳಿದವರ ಹತ್ತಿರ ಇಲ್ಲ, ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಎಪ್ಪತ್ತೊಂದಕ್ಕೆ ನಿಂತಾಗಲೆಲ್ಲ ಅದೇ ಸಾಲು. ಅಡ್ಮಿನ್ನಿಗೇ ಇಲ್ಲದ ಹಕ್ಕು ಯಾವುದಪ್ಪ ಎಂದು ಅವನು ಸೆಕ್ಯುರಿಟಿ ಪಾಲಿಸಿಯ ಪಟ್ಟಿ ತೆರೆದ. ಯಾರಿಗೆ ಯಾವ ಹಕ್ಕು ಎಂದು ಅಲ್ಲಿ ಸಾಲಾಗಿ ಬರೆದಿರುತ್ತದೆ. ಲಾಗನ್ನು ನೋಡಿಕೊಳ್ಳುವ, ಬೇಕಾದರೆ ಅಳಿಸುವ ಹಕ್ಕಿನ ಮುಂದೆ ಅಡ್ಮಿನ್ ಹೆಸರಿರಬೇಕಿತ್ತು. ಅಲ್ಲಿ ಖಾಲಿ ಇತ್ತು.

ಸಂಘಮಿತ್ರಾ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು.

“ಅದು ನಾ ಮಾಡಿದ್ದು,” ಎಂದಳು.

ಹುಕ್ಕೇರಿಗೆ ಬಂದ ಮೊದಲ ವಾರವೇ ಅವಳು ನಲವತ್ತೂ ಕಂಪ್ಯೂಟರಿನಿಂದ ಆ ಹಕ್ಕನ್ನು ಕಿತ್ತು ಹಾಕಿದ್ದಳು. ಗುರುರಾಜರಿಗೂ ಬೇಡ, ತನಗೂ ಬೇಡ. ಇನ್ನು ಮುಂದೆ ಈ ಲ್ಯಾಬಿನಲ್ಲಿ ನಡೆದದ್ದನ್ನು ಯಾರೂ ಕೈಯಾಡಿಸಿ ಅಳಿಸಬಾರದು ಎಂಬುದೊಂದೇ ಅವತ್ತಿನ ಹಟ. ಹೊಸ ವಿಂಡೋಸಿಗೆ ಹೋಗುವಾಗ ಹಳೆಯ ದಾಖಲೆಗಳನ್ನೂ ಅವುಗಳ ಬೀಗಗಳನ್ನೂ ಹೊತ್ತು ಸಾಗಿಸಬೇಕು, ಅದಕ್ಕೆ ಅದೇ ಹಕ್ಕು ಬೇಕು ಎಂಬುದು ಅವಳಿಗೆ ಹೊಳೆದಿರಲಿಲ್ಲ. ಗುರುರಾಜರು ಹೇಳಿದ್ದು ನಿಜವಾಯಿತು. ಅವಳ ಕೈ ತಾಗಿದ್ದಕ್ಕೇ ಹೀಗಾಗಿತ್ತು.

ತಪ್ಪು ತನ್ನದೆಂದು ಅವಳು ಹೇಳಿದಳು. ಆದರೆ ಆ ಹಕ್ಕನ್ನು ವಾಪಸು ಕೊಟ್ಟರೆ ಗುರುರಾಜರ ಕೈಗೂ ಅದು ಹೋಗುತ್ತದೆ, ಇಲ್ಲಿಯ ಪಾಸ್‌ವರ್ಡೂ ಅವರ ಹತ್ತಿರ ಇದೆ, ನಾಳೆ ಮತ್ತೆ ಯಾರೋ ಬಂದು ಅಳಿಸಿ ಹೋದರೆ ತಾನು ಯಾರ ಮುಂದೆ ನಿಲ್ಲಬೇಕು ಎಂದು ಕೇಳಿದಳು.

ಸೋಮಶೇಖರ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ. ಒರೆಸಿದ್ದನ್ನೇ ಒರೆಸಿದ. ಎರಡು ನಿಮಿಷದ ಕೆಲಸ ಮುಂದಿತ್ತು, ಅವನು ಮುಟ್ಟಲಿಲ್ಲ.

“ಸಂಘಮಿತ್ರಾ, ಗೋಕಾಕದಾಗ ಅವತ್ತ ಲಾಗ್ ಅಳಿಸಿದಾಂವ ನಾನ.”

ಅವಳಿಗೆ ಮೊದಲು ಅರ್ಥವಾಗಲಿಲ್ಲ.

ಅವನು ನೆಲ ನೋಡುತ್ತ ಎಲ್ಲ ಹೇಳಿದ. ಪರೀಕ್ಷೆ ಮುಗಿದ ಸಂಜೆ, ಅವಳು ಬಸ್ಸಿಗೆ ಹೊರಡುವ ಮೊದಲೇ ಅವನಿಗೆ ಗುರುರಾಜರ ವಾಟ್ಸಾಪ್ ಬಂದಿತ್ತು. ಮಷೀನ್‌ಗಳು ನಿಧಾನವಾಗಿವೆ, ಎಲ್ಲದರ ಲಾಗ್ ಕ್ಲೀನ್ ಮಾಡಿಬಿಡು ಎಂದು ಅವರದೇ ದನಿಯಲ್ಲಿ. ದಿನಾ ಹೇಳುವ ಇಪ್ಪತ್ತು ಕೆಲಸಗಳಲ್ಲಿ ಇದೊಂದು ಎಂದು ಮಾಡಿ ಮುಗಿಸಿದ. ಮೂರು ದಿನದ ಮೇಲೆ ವಿಚಾರಣೆ ಶುರುವಾದಾಗ ತಾನು ಏನು ಮಾಡಿದೆ ಎಂಬುದು ತಿಳಿಯಿತು. ಗುರುರಾಜರ ಕ್ಯಾಬಿನ್ನಿಗೆ ಹೋದರೆ, ಅಳಿಸಿದ ಬೆರಳು ನಿನ್ನದು, ಬಾಯಿ ಬಿಟ್ಟರೆ ಹೋಗುವವನು ನೀನೇ ಎಂದರು. ಅವನು ಬಾಯಿ ಬಿಡಲಿಲ್ಲ. ಫೋನ್ ಮಾಡದಿದ್ದದ್ದೂ ಅದಕ್ಕೇ, ಮಾಡಿ ಏನು ಹೇಳಬೇಕಿತ್ತು.

“ಆ ವಾಟ್ಸಾಪ್ ಇನ್ನೂ ಐತಿ?” ಎಂದು ಸಂಘಮಿತ್ರಾ ಕೇಳಿದಳು.

“ಐತಿ.”

“ಎರಡು ವರ್ಷ ಕಿಸೆದಾಗ ಇಟ್ಕೊಂಡು ಅಡ್ಡಾಡೀರಿ.”

ಅವನು ಕನ್ನಡಕವನ್ನು ಮತ್ತೆ ಹಾಕಿಕೊಂಡ.

“ಯಾಕ?”

“ಹೆದರಿದ್ನಿ,” ಎಂದ. “ಬ್ಯಾರೆ ಕಾರಣ ಹೇಳಿದ್ರ ಅದು ಸುಳ್ಳಾಕ್ಕೈತಿ.”

ಅವಳು ಎದ್ದು ಹೊರಗೆ ಹೋದಳು. ವರಾಂಡದ ನಳದಲ್ಲಿ ಮುಖಕ್ಕೆ ನೀರು ಹಾಕಿಕೊಂಡಳು. ನೀರು ಬೀಳುವ ಸದ್ದಿಗೆ ಅಪ್ಪನ ನೆನಪಾಯಿತು. ಸತ್ಯಪ್ಪ ಮಸಗುಪ್ಪಿಯ ಪಂಚಾಯ್ತಿಯಲ್ಲಿ ವಾಟರ್‌ಮನ್. ದಿನಾ ಬೆಳಿಗ್ಗೆ ಓಣಿಯಿಂದ ಓಣಿಗೆ ಹೋಗಿ ವಾಲ್ವ್ ತಿರುವಿ ನೀರು ಬಿಡುವವನು. ಕೊಡ ಹಿಡಿದು ನಿಂತ ಜನ ಅವನನ್ನು ಎರಡು ವರ್ಷದಿಂದ ಕೇಳುತ್ತಲೇ ಇದ್ದರು: ಗೋಕಾಕದಾಗ ನಿನ್ನ ಮಗಳದು ಏನೋ ಆತಂತಲ್ಲ ಸತ್ಯಪ್ಪ? ಬದಲಿ ಆಗೈತಿ, ಎಂದಷ್ಟೇ ಹೇಳಿ ಅವನು ಮುಂದಿನ ಓಣಿಗೆ ನಡೆಯುತ್ತಿದ್ದ. ಮನೆಗೆ ಬಂದು ಮಗಳನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಅವಳು ಅತ್ತುಬಿಡುತ್ತಿದ್ದಳು.

ಅವಳು ಒಳಗೆ ಬಂದಾಗ ಸೋಮಶೇಖರ ಕುಳಿತಲ್ಲೇ ಇದ್ದ. ಮೊದಲು ಮಷೀನ್ ಏಳಲಿ, ಎಂದಳು. ತಾನೇ ಕೀಲಿಮಣೆ ಎಳೆದುಕೊಂಡು ಖಾಲಿ ಸಾಲಿನಲ್ಲಿ ಅಡ್ಮಿನ್ ಎಂದು ಬರೆದಳು. ಇಲ್ಲಿಯ ಲಾಗುಗಳ ಒಂದು ಪ್ರತಿ ಗುರುರಾಜರ ಕೈಗೆ ಸಿಗದ ಇನ್ನೊಂದು ಕಂಪ್ಯೂಟರಿಗೆ ತಾನಾಗಿ ಹೋಗುವಂತೆ ಅವನು ವ್ಯವಸ್ಥೆ ಮಾಡಿದ. ಅದಕ್ಕೆ ಪಾಸ್‌ವರ್ಡ್ ಹಾಕುವಾಗ ಅವನು ಎದ್ದು ಗೋಡೆಯ ಕಡೆ ತಿರುಗಿ ನಿಂತ. ಅವಳೊಬ್ಬಳೇ ಹಾಕಿದಳು.

ಅಪ್‌ಗ್ರೇಡು ಶುರುವಾಯಿತು. ಮೂವತ್ತು. ಐವತ್ತು. ಅರವತ್ತೆಂಟು. ಸಂಜೆ ಐದಕ್ಕೆ ಐದು ನಿಮಿಷ ಇರುವಾಗ ಎಪ್ಪತ್ತೊಂದಕ್ಕೆ ಬಂತು.

ನಿಂತಿತು. ಹಿಂದಕ್ಕೆ ಹೋಯಿತು.

ಅದೇ ಹೊತ್ತಿಗೆ ಗುರುರಾಜರ ಫೋನು. ನಾಳೆ ಹತ್ತು ಗಂಟೆಯ ತನಕ ನೋಡುತ್ತೇನೆ, ಆಗದಿದ್ದರೆ ಕೇಂದ್ರವನ್ನು ಹುಬ್ಬಳ್ಳಿಗೆ ಬಿಡುತ್ತೇನೆ, ಲ್ಯಾಬಿನವಳ ಅಜಾಗರೂಕತೆ ಎಂದೇ ಬರೆದು ಕಳಿಸುತ್ತೇನೆ ಎಂದರು. ಅವಳು ಹೂಂ ಎಂದಳು. ಸೋಮಶೇಖರನಿಗೆ ಹೋಗಿಬನ್ನಿ ಎಂದೂ ಹೇಳದೆ ಲೈಟು ಆರಿಸಿದಳು.

ಉತ್ತರ ಅವಳಿಗೆ ಹೊಳೆದದ್ದು ಮರುದಿನ ಮುಂಜಾನೆ, ಲ್ಯಾಬಿನ ಬೀಗ ತೆಗೆಯುವಾಗ. ಹಕ್ಕು ಕೊಟ್ಟದ್ದು ಸರಿಯಾಗಿಯೇ ಇತ್ತು. ಆದರೆ ಮೊದಲೇ ಒಳಗೆ ಕುಳಿತವನಿಗೆ ಹೊಸ ಹಕ್ಕು ಸಿಗುವುದಿಲ್ಲ. ಅವನು ಒಮ್ಮೆ ಹೊರಗೆ ಹೋಗಿ ಮತ್ತೆ ಒಳಗೆ ಬರಬೇಕು. ನಿನ್ನೆ ಬೆಳಿಗ್ಗೆ ಲಾಗಿನ್ ಆದವರು ಇಡೀ ದಿನ ಹಾಗೆಯೇ ಕುಳಿತಿದ್ದರು.

ಏಳು ಗಂಟೆಗೆ ಸೋಮಶೇಖರ ಬರುವಷ್ಟರಲ್ಲಿ ಅವಳು ಸೈನ್‌ಔಟ್ ಆಗಿ, ಮತ್ತೆ ಒಳಗೆ ಹೋಗಿ, ಮೊದಲ ಕಂಪ್ಯೂಟರನ್ನು ಹಚ್ಚಿಯಾಗಿತ್ತು. ಅವನಿಗೆ ಎರಡು ಮಾತಿನಲ್ಲಿ ಹೇಳಿದಳು. ಅವನು ಹಣೆ ಬಡಿದುಕೊಂಡು ಪಕ್ಕದಲ್ಲಿ ನಿಂತ. ಕುರ್ಚಿ ಎಳೆದುಕೊಳ್ಳುವ ಧೈರ್ಯ ಮಾಡಲಿಲ್ಲ.

ಅರವತ್ತೊಂಬತ್ತು. ಎಪ್ಪತ್ತು. ಎಪ್ಪತ್ತೊಂದು.

ಅವಳ ಬೆರಳುಗಳು ಮೇಜಿನ ಅಂಚನ್ನು ಹಿಡಿದಿದ್ದವು. ಪರದೆ ಕಪ್ಪಾಯಿತು, ಬೆಳಗಿತು.

ಎಪ್ಪತ್ತೆರಡು.

ಅವಳು ನಕ್ಕುಬಿಟ್ಟಳು. ತಿರುಗಿ ನೋಡಿದರೆ ಅವನೂ ನಗುತ್ತಿದ್ದ, ಕಣ್ಣುಗಳಿಂದ, ಮೊದಲಿನಂತೆಯೇ. ಇಬ್ಬರ ನಡುವೆ ಎರಡು ವರ್ಷವೇ ಇಲ್ಲವೇನೋ ಎಂಬಂತೆ ಒಂದು ಗಳಿಗೆ ಹೋಯಿತು. ಆಮೇಲೆ ಅವಳಿಗೆ ನೆನಪಾಯಿತು. ನಗು ತುಟಿಯ ಮೇಲೆಯೇ ತಣ್ಣಗಾಯಿತು. ಅವನು ಅದನ್ನು ನೋಡಿದ, ತಲೆ ತಗ್ಗಿಸಿದ.

ಉಳಿದದ್ದು ಮೂವತ್ತೊಂಬತ್ತು ಕಂಪ್ಯೂಟರು, ಎಂಟು ಗಂಟೆಗಿಂತ ಕಡಿಮೆ ಸಮಯ. ಗುರುರಾಜರಿಗೆ ಒಂದು ಏರಿದೆ ಎಂದು ತಿಳಿಸಿ ಇಬ್ಬರೂ ಸಾಲು ಹಂಚಿಕೊಂಡರು. ಗೋಡೆಯ ಕಡೆಯವು ಅವನವು, ಕಿಟಕಿಯ ಕಡೆಯವು ಅವಳವು. ಒಮ್ಮೆಗೇ ಎಲ್ಲವನ್ನೂ ಹಚ್ಚಿದರೆ ನೆಟ್‌ವರ್ಕು ಮಲಗುತ್ತಿತ್ತು, ಐದೈದೇ ಹಚ್ಚಬೇಕಿತ್ತು. ಒಂಬತ್ತು ಆತು, ಹದಿನಾರು ಆತು, ಎಂಬ ಲೆಕ್ಕ ಬಿಟ್ಟು ಅವರ ನಡುವೆ ಮಾತಿರಲಿಲ್ಲ. ಒಮ್ಮೆ ಎರಡು ಸಾಲುಗಳ ನಡುವಿನ ಸಂದಿಯಲ್ಲಿ ಎದುರುಬದುರಾದರು. ಅವಳು ದಾಟಲೆಂದು ಅವನು ಮೇಜಿಗೆ ಒತ್ತಿ ನಿಂತ. ದಾಟುವಾಗ ಅವಳ ದುಪಟ್ಟಾದ ತುದಿ ಅವನ ಗಡಿಯಾರಕ್ಕೆ ಸಿಕ್ಕಿತು. ಅವನು ಬಿಡಿಸಿಕೊಟ್ಟ. ಬಿಡಿಸುವಷ್ಟು ಹೊತ್ತೂ ಅವಳು ಆ ಬೆರಳುಗಳನ್ನೇ ನೋಡುತ್ತ ನಿಂತಳು. ಲಾಗ್ ಅಳಿಸಿದ ಬೆರಳು. ಸೀಟು ಹಿಡಿಯುತ್ತಿದ್ದ ಬೆರಳು. ಎರಡೂ ಒಂದೇ ಕೈಯವೆಂಬುದು ಅವಳಿಗೆ ಸಹಿಸಲಾಗಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಅವನು ಪ್ರಿಂಟರಿನಿಂದ ಒಂದು ಹಾಳೆ ತಂದು ಅವಳ ಮುಂದಿಟ್ಟ. ಸಂಸ್ಥೆಯ ಅಧ್ಯಕ್ಷರಿಗೂ ಏಜೆನ್ಸಿಗೂ ಬರೆದ ಪತ್ರ. ಅವತ್ತು ನಡೆದದ್ದೆಲ್ಲ ಇತ್ತು, ಅಳಿಸಿದವನು ನಾನು ಎಂಬುದೂ ಇತ್ತು, ಗುರುರಾಜರ ದನಿಯ ಮೆಸೇಜು ಜೊತೆಗಿಟ್ಟಿದ್ದೇನೆ ಎಂದೂ ಇತ್ತು. ಕಳಿಸಬೇಕೋ ಬೇಡವೋ ಅವಳು ಹೇಳಿದಂತೆ ಎಂದ.

ಅವಳು ಪೂರ್ತಿ ಓದಿ ಹಾಳೆಯನ್ನು ಅವನ ಕಡೆ ಸರಿಸಿದಳು.

“ಇದನ್ನ ನನ್ನ ತಲಿ ಮ್ಯಾಲ ಹಾಕಬ್ಯಾಡ್ರಿ. ಸುಮ್ಮ ಇದ್ದಾಗ ನನ್ನ ಕೇಳಿ ಸುಮ್ಮ ಇದ್ದಿರೇನು?”

ಅವನಿಗೆ ಆ ಮಾತು ತಾಗಿತು. ಫೋನ್ ತೆಗೆದು, ಅಲ್ಲೇ ನಿಂತು, ಪತ್ರವನ್ನೂ ಮೆಸೇಜನ್ನೂ ಕಳಿಸಿದ. ಹೋಯಿತು ಎಂದು ಫೋನು ಸದ್ದು ಮಾಡಿತು. ಅವನ ಹಣೆಯಲ್ಲಿ ಬೆವರು ಸಾಲಾಗಿ ನಿಂತಿತ್ತು. ಅವಳು ತನ್ನ ಡಬ್ಬಿಯಲ್ಲಿದ್ದ ಎರಡು ರೊಟ್ಟಿಯಲ್ಲಿ ಒಂದನ್ನು, ಮೇಲೆ ಇಷ್ಟು ಶೇಂಗಾ ಹಿಂಡಿ ಹಾಕಿ, ಮಾತಿಲ್ಲದೆ ಅವನ ಮುಂದಿಟ್ಟು ತನ್ನ ಸಾಲಿಗೆ ಹೋದಳು. ಹೊಟ್ಟೆಗೆ ಹಾಕದೆ ದುಡಿಸಬಾರದು ಎಂದಷ್ಟೇ ಅದರ ಅರ್ಥ ಎಂದು ತನಗೆ ತಾನೇ ಹೇಳಿಕೊಂಡಳು.

ಇಪ್ಪತ್ತು ನಿಮಿಷಕ್ಕೆ ಗುರುರಾಜರ ಫೋನು ಬಂತು. ಈ ಸಲ ಅವನಿಗೆ. ಕೂಗಾಟ ಇವಳ ತನಕ ಕೇಳಿಸುತ್ತಿತ್ತು. ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಈಗಲೇ ಗೋಕಾಕಕ್ಕೆ ಬಾ, ಪತ್ರ ಸುಳ್ಳೆಂದು ಬರೆದುಕೊಡು, ಇಲ್ಲವಾದರೆ ನಾಳೆಯಿಂದ ನಿನಗೆ ಕೆಲಸವಿಲ್ಲ ಎಂದು ಅವರು ಹೇಳುತ್ತಿದ್ದರು. ಸಂಘಮಿತ್ರಾ ಕೈಯಲ್ಲಿದ್ದ ಮೌಸು ಬಿಟ್ಟು ಅವನನ್ನೇ ನೋಡಿದಳು. ಅವನು ಹೋದರೆ ಉಳಿದವು ನಾಲ್ಕರೊಳಗೆ ಮುಗಿಯುವುದಿಲ್ಲ. ಹೆದರುವ ಮನುಷ್ಯ ಎಂದು ಅವನೇ ಹೇಳಿದ್ದ.

“ಹನ್ನೆರಡು ಮಷೀನ್ ಬಾಕಿ ಅದಾವ್ರಿ ಸರ,” ಎಂದ ಸೋಮಶೇಖರ. ದನಿ ಒಡೆದಿತ್ತು, ಆದರೆ ನಿಲ್ಲಲಿಲ್ಲ. “ಮುಗಿಸಿ ಬರ್ತೇನಿ. ಬರೆದದ್ದು ಖರೆ ಐತಿ.”

ಮೂರು ಐವತ್ತಾರಕ್ಕೆ ನಲವತ್ತನೆಯದು ಏರಿತು. ನಾಲ್ಕಕ್ಕೆ ಏಜೆನ್ಸಿಯವರು ದೂರದಿಂದ ಒಂದೊಂದನ್ನೇ ತೆರೆದು ನೋಡಿದರು. ಅರ್ಧ ಗಂಟೆ ಇಬ್ಬರೂ ಗೋಡೆಗೆ ಒರಗಿ ನಿಂತೇ ಇದ್ದರು. ಹುಕ್ಕೇರಿ ಕೇಂದ್ರ ಸರಿಯಿದೆ ಎಂದು ಮೇಲ್ ಬಂದಾಗ ಸಂಘಮಿತ್ರಾ ಹತ್ತಿರದ ಕುರ್ಚಿಯಲ್ಲಿ ಕುಸಿದಳು. ಕಣ್ಣಲ್ಲಿ ನೀರು ಬಂತು. ಅವನು ನೀರಿನ ಬಾಟಲಿಯನ್ನು ಅವಳ ಕೈಗೆ ಕೊಡದೆ, ಕೈಗೆ ಸಿಗುವಷ್ಟು ದೂರದಲ್ಲಿ ಇಟ್ಟ.

ಬ್ಯಾಗು ಹೆಗಲಿಗೇರಿಸಿ ಬಾಗಿಲಿಗೆ ಹೋದವನು ತಿರುಗಿದ. ಕ್ಷಮಿಸು ಎನ್ನುವ ಮುಖ ಇಟ್ಟುಕೊಂಡು ನಿಂತವನಿಗೆ ಅವಳು ಅದನ್ನು ಹೇಳಗೊಡಲಿಲ್ಲ.

“ನನಗ ಹೇಳಿದ್ದು ಆತು. ನಮ್ಮಪ್ಪಗ ಹೇಳ್ರಿ. ಮಸಗುಪ್ಪಿಗೆ ಹೋಗಿ ಹೇಳ್ರಿ.”

ಸೋಮವಾರ ಪರೀಕ್ಷೆ ನಡೆಯಿತು. ನೇತ್ರಾ ಬರೆಯುವಷ್ಟು ಹೊತ್ತು ಅವಳ ಅತ್ತೆ ಬಾಜೂ ಕೋಣೆಯಲ್ಲಿ ಕೂಸನ್ನು ಆಡಿಸಿದಳು. ಆಮೇಲಿನದು ನಿಧಾನವಾಗಿ ಆಯಿತು. ಅಧ್ಯಕ್ಷರು ಸಮಿತಿ ಮಾಡಿದರು. ಸಮಿತಿ ಗೋಕಾಕಕ್ಕೆ ಹೋಯಿತು, ಮೆಸೇಜು ಕೇಳಿತು, ಹದಿನೇಳನೆಯ ಕಂಪ್ಯೂಟರಿನಲ್ಲಿ ಅವತ್ತು ಕುಳಿತವನು ಗುರುರಾಜರ ತಂಗಿಯ ಮಗ ಎಂಬುದನ್ನು ಕಂಡುಹಿಡಿಯಿತು. ಗುರುರಾಜರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಎರಡು ವರ್ಷ ಸುಮ್ಮನಿದ್ದದ್ದಕ್ಕೆ ಸೋಮಶೇಖರನನ್ನೂ ತೆಗೆದರು. ಸಂಘಮಿತ್ರಾಳ ಮೇಲೆ ತಪ್ಪಿರಲಿಲ್ಲ ಎಂಬ ಪತ್ರ ಬ್ಯಾಂಕಿನ ನೋಟೀಸಿನಂತೆ ಒಣ ಭಾಷೆಯಲ್ಲಿ ಬಂತು. ಗೋಕಾಕಕ್ಕೆ ವಾಪಸು ಬರುತ್ತೀರಾ ಎಂದು ಕೇಳಿದ್ದರು. ಇಲ್ಲ, ಹುಕ್ಕೇರಿಯೇ ಇರಲಿ ಎಂದಳು.

ಒಂದು ರವಿವಾರ ಅವಳು ಊರಿನಲ್ಲಿದ್ದಾಗ, ಬೆಳಗಿನ ಮೊದಲ ಬಸ್ಸಿಗೆ ಸೋಮಶೇಖರ ಮಸಗುಪ್ಪಿಗೆ ಬಂದ.

ಸತ್ಯಪ್ಪ ಆಗಲೇ ವಾಲ್ವಿನ ಸಲಾಕಿ ಹಿಡಿದು ಹೊರಟಿದ್ದ. ಸೋಮಶೇಖರ ಅಂಗಳದಲ್ಲೇ ನಿಂತು, ಕಾಕಾ, ನಿಮಗ ಒಂದು ಹೇಳೂದೈತಿ ಎಂದು ಶುರುಮಾಡಿ ಎಲ್ಲವನ್ನೂ ಹೇಳಿದ. ಕೆಂಪವ್ವ ಒಳಗೆ ಒಲೆಯ ಮುಂದೆ ಕೂತು ಕೇಳಿದಳು. ಬಾಗಿಲ ಚೌಕಟ್ಟಿಗೆ ಒರಗಿ ಸಂಘಮಿತ್ರಾ ಕೇಳಿದಳು. ಸತ್ಯಪ್ಪನ ಮುಖದಿಂದ ಏನೂ ತಿಳಿಯುತ್ತಿರಲಿಲ್ಲ. ಹೇಳಿ ಮುಗಿದ ಮೇಲೆ ಸಲಾಕಿಯನ್ನು ಹೆಗಲಿಗೆ ಹಾಕಿಕೊಂಡು, ಬರ್ರಿ ನನ್ನ ಕೂಡ, ಎಂದು ನಡೆದ.

ಮೊದಲ ವಾಲ್ವಿನ ಹತ್ತಿರ ಏಳೆಂಟು ಹೆಂಗಸರು ಕೊಡ ಸಾಲು ಹಚ್ಚಿದ್ದರು. ಸತ್ಯಪ್ಪ ನೀರು ಬಿಡಲಿಲ್ಲ.

“ನನಗ ಹೇಳಿದ್ದು ಇಲ್ಲೂ ಹೇಳ್ರಿ,” ಎಂದ. “ನನ್ನ ಕೇಳಿದಾವ್ರು ಇವ್ರ.”

ಸಂಘಮಿತ್ರಾ ಹಿಂದೆಯೇ ಬಂದು ಮೂಲೆಯ ಮನೆಯ ಕಟ್ಟೆಯ ಹತ್ತಿರ ನಿಂತಿದ್ದಳು. ಸೋಮಶೇಖರ ಅವಳ ಕಡೆ ನೋಡಲಿಲ್ಲ. ಮುಖ ಕೆಂಪಾಗಿತ್ತು. ಮೊದಲ ಮಾತಿಗೇ ದನಿ ಒಡೆಯಿತು. ಸತ್ಯಪ್ಪನ ಮಗಳ ತಪ್ಪು ಇರಲಿಲ್ಲ, ಅಳಿಸಿದವನು ನಾನು, ಹೆದರಿ ಸುಮ್ಮನಿದ್ದೆ ಎಂದು ಹೇಳಿದ. ಒಬ್ಬ ಮುದುಕಿ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಇಷ್ಟು ದಿನ ಬೇಕಾತೇನಪ್ಪಾ, ಎಂದಳು. ಅವನು ಹೌದು ಎಂದ. ಆಗ ಸತ್ಯಪ್ಪ ವಾಲ್ವ್ ತಿರುವಿದ.

ಮುಂದಿನದು ಗೌಡರ ಓಣಿ. ಅಲ್ಲಿ ಗಂಡಸರೂ ಇದ್ದರು. ಗೋಕಾಕದಲ್ಲಿ ಅವನ ಮನೆತನ ಬಲ್ಲವನೊಬ್ಬ, ನೀ ಇಂಥವರ ಮಗ ಅಲ್ಲೇನು, ಇಲ್ಲಿ ಇಂವನ ಹಿಂದ ಯಾಕ ತಿರಗಾಕತ್ತಿ ಎಂದು ಕೇಳಿದ. ಅದನ್ನ ಹೇಳಾಕ ಬಂದೇನಿ ಎಂದು ಸೋಮಶೇಖರ ಮತ್ತೆ ಮೊದಲಿಂದ ಹೇಳಿದ. ಈ ಸಲ ದನಿ ಒಡೆಯಲಿಲ್ಲ. ಮೂರನೆಯ ವಾಲ್ವಿನಲ್ಲಿ ಸತ್ಯಪ್ಪ ಹೇಳಿ ಎನ್ನುವ ಮೊದಲೇ ಶುರುಮಾಡಿದ. ಸಂಘಮಿತ್ರಾ ಅಪ್ಪನನ್ನು ನೋಡಿದಳು. ಬಗ್ಗಿ ಸಲಾಕಿ ತಿರುವುತ್ತಿದ್ದ ಅಪ್ಪನ ಭುಜ ಅಲುಗುತ್ತಿತ್ತು. ಎರಡು ವರ್ಷದಲ್ಲಿ ಅವನು ಅತ್ತದ್ದನ್ನು ಅವಳು ನೋಡಿದ್ದು ಅವತ್ತೇ.

ಕೆಲಸ ಮುಗಿಸಿ ಸತ್ಯಪ್ಪ ಮುಂದೆ ನಡೆದ. ಮಗಳ ಹತ್ತಿರ ಬಂದಾಗ, ಚಾ ಕುಡಿಸಿ ಕಳಸು, ಎಂದಷ್ಟೇ ಹೇಳಿ, ಇಬ್ಬರನ್ನೂ ಅಲ್ಲಿಯೇ ಬಿಟ್ಟು ಮನೆಗೆ ಹೋದ.

ಓಣಿಯ ತುಂಬ ಕೊಡಕ್ಕೆ ನೀರು ಬೀಳುವ ಸದ್ದು. ಅವರು ನಿಧಾನವಾಗಿ ನಡೆದರು. ಗೋಕಾಕದಲ್ಲಿ ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿ ಹಾಕಿರುವುದಾಗಿ ಅವನು ಹೇಳಿದ. ಮನೆಯಲ್ಲಿಯೂ ಎಲ್ಲ ಹೇಳಿರುವುದಾಗಿ ಹೇಳಿದ.

“ಎಲ್ಲಾ ಅಂದ್ರ?” ಎಂದು ಅವಳು ಕೇಳಿದಳು.

“ಲಾಗಿಂದು. ಮತ್ತ,” ಅವನು ನಿಂತ. “ಐದು ವರ್ಷದಿಂದ ನಿಮಗೂ ಹೇಳದ್ದು. ನನಗ ನೀವು ಬೇಕು ಅನ್ನೂದು.”

ಅವಳಿಗೆ ಕಿವಿಯವರೆಗೆ ಬಿಸಿಯಾಯಿತು. ಅವನು ಅದನ್ನು ನೋಡಬಾರದೆಂದು ಎದುರಿನ ಗೋಡೆ ನೋಡಿದಳು. “ನಿಮ್ಮ ಅವ್ವಾರು ಏನಂದ್ರು?”

“ಎಂಟು ದಿನ ಆತು, ನನ್ನ ಕೂಡ ಮಾತಾಡವಲ್ಲಳು.”

“ಮತ್ತ ಹೆಂಗ?”

“ನಾ ಮಾತಾಡತೇನಿ. ದಿನಾ. ಅಕಿ ಬೈಯೂತನಕ ಬಿಡೂದಿಲ್ಲ.”

ಅವಳು ತಡೆದರೂ ತುಟಿಯ ಮೂಲೆಯಲ್ಲಿ ನಗು ಬಂತು. ಅವನು ಅದನ್ನು ಕಂಡ, ಆದರೆ ಈ ಸಲ ಅದನ್ನು ನಂಬಲು ಅವಸರ ಮಾಡಲಿಲ್ಲ. ಮನೆಯ ಹತ್ತಿರ ಬಂದಾಗ ಅವಳೇ ನಿಂತಳು.

“ನನ್ನ ಸಿಟ್ಟು ಇನ್ನೂ ಹೋಗಿಲ್ಲ,” ಎಂದಳು.

“ಗೊತ್ತೈತಿ.”

“ಅದು ಹೋಗೂತನಕ ನೀವು ಬರ್ತಾ ಇರ್ರಿ.”

ಅವನು ಅವಳನ್ನು ನೋಡಿದ. “ಅದು ಹೋದ ಮ್ಯಾಲ?”

ಅವಳು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಮತ್ತೆ ಸುತ್ತಿದಳು.

“ಅದು ಹೋದ ಮ್ಯಾಲ ನೀವು ಹೋಗಬ್ಯಾಡ್ರಿ.”

ಹಾಗೆಂದು, ಅವನ ಮುಖದಲ್ಲಿ ಏನು ಮೂಡಿತೆಂದು ನೋಡುವಷ್ಟೂ ನಿಲ್ಲದೆ, ಚಹಾಕ್ಕೆ ಇಡಲು ಒಳಗೆ ಓಡಿದಳು.